ಹಳೆಯ ಬೆಂಚನ್ನು ಮಗುಚಿ ನೋಡಿ ಕೊಳ್ಳಿ

ಮುಂಬಯಿಯಲ್ಲಿ ಹಳೆಯ ಬೆಂಚು ಹುಡುಕುವವರು ಸಾಮಾನ್ಯವಾಗಿ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೋ ಜೋಗೇಶ್ವರಿ ಪಶ್ಚಿಮದ ಓಶಿವಾರಾಕ್ಕೋ ಹೋಗುತ್ತಾರೆ. ಮಟನ್ ಸ್ಟ್ರೀಟಿನ ಅಂಗಡಿಗಳಿಗೆ ಶುಕ್ರವಾರ ರಜೆಯೆಂಬುದು ನೆನಪಿರಲಿ. ಈ ಮಾರುಕಟ್ಟೆಗಳಲ್ಲಿ ಅಪ್ಪಟ ಹಳೆಯ ಮಾಲಿನ ಪಕ್ಕದಲ್ಲೇ ಈಚೆಗೆ ಮಾಡಿ, ಬಣ್ಣ ಕೆರೆದು ಹಳತಾಗಿಸಿದ ಮಾಲೂ ಇರುತ್ತದೆ. ನೂರು ವರ್ಷ ದಾಟಿದ್ದು ಆಂಟಿಕ್, ಅದಕ್ಕೂ ಈಚಿನದು ವಿಂಟೇಜ್ ಎಂಬುದು ರೂಢಿಯಾದರೂ, ಬೆಲೆ ಹೇಳುವ ಹೊತ್ತಿಗೆ ಎಲ್ಲವೂ ಆಂಟಿಕ್ಕೇ ಆಗಿಬಿಡುತ್ತದೆ.

ಆದ್ದರಿಂದ ಬೆಂಚನ್ನು ಮಗುಚಿ ಹಾಕಿಸಿ ಅಡಿಭಾಗವನ್ನು ನೋಡಬೇಕು. ಗಾಳಿಗೆ ತಾನಾಗಿ ಕಂದಿದ ಮರದ ಬಣ್ಣ ಎಲ್ಲ ಕಡೆ ಒಂದೇ ತೆರನಾಗಿರುವುದಿಲ್ಲ. ಮೂಲೆಮೂಲೆಯಲ್ಲೂ ಒಂದೇ ಸಮನೆ ಕಂದಾಗಿದ್ದರೆ ಅದು ಬಳಿದ ಬಣ್ಣವೆಂದು ಅನುಮಾನಿಸಬೇಕು. ಹಲಗೆಗಳು ಕೂಡುವಲ್ಲಿ ಮರದ ಮೊಳೆ ಹೊಡೆದಿದ್ದರೆ ಒಳ್ಳೆಯ ಲಕ್ಷಣ. ಪ್ಲಸ್ ತಲೆಯ ಸ್ಕ್ರೂಗಳು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅವು ಕಂಡರೆ ಬೆಂಚು ಈಚಿನದು, ಇಲ್ಲವೇ ನಡುವೆ ರಿಪೇರಿಯಾದದ್ದು. ಇನ್ನು, ಕಾಲುಗಳ ಕೆಳಗೆ ಒಂದು ಕಾಗದ ಹಾಸಿ ಮರವನ್ನು ಅಂಗೈಯಿಂದ ನಾಲ್ಕು ಸಲ ತಟ್ಟಿ. ಸೂಜಿಮೊನೆಯಷ್ಟು ತೂತುಗಳಿಂದ ಹಿಟ್ಟಿನಂಥ ತಿಳಿಬಣ್ಣದ ಪುಡಿ ಉದುರಿದರೆ ಮರ ಕೊರೆಯುವ ಕುಟ್ಟೆ ಹುಳು ಒಳಗೆ ಇನ್ನೂ ಕೆಲಸ ಮಾಡುತ್ತಿರುವ ಸಂಭವವೇ ಹೆಚ್ಚು, ಅದನ್ನು ಮನೆಗೆ ತರಬೇಡಿ. ತೂತಿನ ಒಳಗೆಲ್ಲ ಕಪ್ಪಾಗಿ, ಪುಡಿ ಏನೂ ಬೀಳದಿದ್ದರೆ ಹುಳು ಹೋಗಿ ಕಾಲವಾಗಿರಬಹುದು. ಕಾಲಿನ ತುದಿಯನ್ನು ಬೀಗದ ಕೈಯಿಂದ ಒತ್ತಿ ನೋಡುವುದನ್ನೂ ಮರೆಯಬಾರದು. ನೆಲ ಒರೆಸಿದ ನೀರನ್ನು ವರ್ಷಗಟ್ಟಲೆ ಕುಡಿಯುವುದು ಆ ತುದಿಯೇ.

ಬೆಂಚು ಒಳಗೋ ಹೊರಗೋ ಎಂಬುದರ ಮೇಲೆ ಮರದ ಆಯ್ಕೆ ನಿಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ತೋಟಕ್ಕಾಗಲಿ ತೆರೆದ ಬಾಲ್ಕನಿಗಾಗಲಿ ತನ್ನಲ್ಲೇ ಎಣ್ಣೆಯಂಶವಿರುವ ಸಾಗುವಾನಿಯೇ ತಾಳುವುದು. ಬೆತ್ತ ಹೆಣೆದದ್ದು, ಕೆತ್ತನೆಯ ಬೀಟೆ, ಅರಗಿನ ಪಾಲಿಶಿನದು ಎಲ್ಲ ಒಳಗೇ ಇರಲಿ, ಏಕೆಂದರೆ ನೀರು ನಿಂತಲ್ಲಿ ಅರಗಿನ ಪಾಲಿಶ್ ಬೆಳ್ಳಗಾಗುತ್ತದೆ.

ಎರಕದ ಕಬ್ಬಿಣದ ಕಾಲಿನ ಬೆಂಚಿಗೆ ಒಂದು ಸಣ್ಣ ಅಯಸ್ಕಾಂತ ಒಯ್ಯಿರಿ. ಅಂಟದಿದ್ದರೆ ಅದು ಅಲ್ಯೂಮಿನಿಯಂ ನಕಲು. ಕೀಲಿಯಿಂದ ಹೊಡೆದಾಗ ಸ್ಪಷ್ಟವಾಗಿ ಮೊಳಗದೆ ಮಂದವಾಗಿ ಸದ್ದು ಬಂದರೆ ದಪ್ಪ ಪೇಂಟಿನಡಿ ಬಿರುಕಿರಬಹುದು, ಮತ್ತು ಎರಕವನ್ನು ಬೆಸೆದು ನಿಲ್ಲಿಸುವುದು ಸುಲಭವಲ್ಲ. ರೈಲ್ವೆ ಬೆಂಚಿನ ಮೇಲಿನ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ) ಅಕ್ಷರಗಳಿಗೆ ಅನೇಕರು ಮರುಳಾಗುತ್ತಾರೆ. ಆ ರೈಲ್ವೆ 1951ರಲ್ಲಿ ಸೆಂಟ್ರಲ್ ರೈಲ್ವೆಯೊಳಗೆ ಸೇರಿದ್ದರಿಂದ ನಿಜವಾದ ಅಕ್ಷರಗಳು ಅದಕ್ಕಿಂತ ಹಿಂದಿನವೇ ಆಗಿರಬೇಕು. ಆದರೆ ಅಕ್ಷರವನ್ನು ಇಂದೂ ಎರಕ ಹೊಯ್ಯಬಹುದು. ಅಕ್ಷರಗಳ ಅಂಚು ಪೇಂಟಿನ ಮೇಲೆ ಪೇಂಟು ಕೂತು ಮೊಂಡಾಗಿದ್ದರೆ ಸ್ವಲ್ಪ ನಂಬಬಹುದು.

ಗೋವಾದಿಂದ ಬರುವ ಇಗರ್ಜಿಯ (ಚರ್ಚಿನ) ಬೆಂಚುಗಳು ನೋಡಲು ಬಹಳ ಸೊಗಸು. ಆದರೆ ನೆಟ್ಟನೆಯ ಬೆನ್ನು, ಕಿರಿದಾದ ಹಲಗೆ. ಬಾಗಿಲ ಬಳಿ ಕುಳಿತು ಚಪ್ಪಲಿ ಮೆಟ್ಟಿಕೊಳ್ಳಲು ಸರಿಯೇ ಹೊರತು ಸಂಜೆಯಿಡೀ ಪತ್ರಿಕೆ ಓದಲು ಅಲ್ಲ. ವಯಸ್ಸಾದವರಿರುವ ಮನೆಗೆ ಕೈಗಳಿರುವ, 17-18 ಇಂಚು ಎತ್ತರದ ಬೆಂಚೇ ಹಿತ. ತಗ್ಗಿನದರಲ್ಲಿ ಕುಳಿತವರನ್ನು ಎಬ್ಬಿಸಲು ಇನ್ನೊಬ್ಬರು ಬೇಕಾಗುತ್ತಾರೆ.

ಮಾಟುಂಗದಂಥ ಕಡೆಯ ಹಳೆಯ ಕಟ್ಟಡದಲ್ಲಿರುವವರು ಲಿಫ್ಟನ್ನೂ ಮೆಟ್ಟಿಲಿನ ತಿರುವನ್ನೂ ಅಳೆದುಕೊಂಡೇ ಅಂಗಡಿಗೆ ಹೋಗುವುದು ಲೇಸು, ಆರಡಿಯ ಬೆಂಚು ಅನೇಕ ಲಿಫ್ಟುಗಳಲ್ಲಿ ಹಿಡಿಸುವುದಿಲ್ಲ. ತಂದ ಮೇಲೆ ಹಳೆಯ ಪೇಂಟನ್ನು ಒಣಗಿದಂತೆಯೇ ಉಜ್ಜಿ ತೆಗೆಯಬೇಡಿ. ಅದರಲ್ಲಿ ಸೀಸವಿರುವ ಸಾಧ್ಯತೆ ಇದೆ, ಆ ಧೂಳು ಮಕ್ಕಳಿಗೆ ವಿಷ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾದು ಹೊತ್ತಿಕೊಳ್ಳುವುದುಂಟು, ಹರಡಿ ಒಣಗಿಸಬೇಕು. ಬೆತ್ತ ಹೆಣೆಯುವ, ಕಾಲು ಕೂಡಿಸುವ ಕೂಲಿ ಎಷ್ಟಾಗುವುದೆಂದು ಬಡಗಿಯನ್ನು ಮೊದಲೇ ಕೇಳಿಕೊಂಡು, ಆ ಮೊತ್ತವನ್ನು ಕಳೆದೇ ಅಂಗಡಿಯವನೊಡನೆ ಚೌಕಾಸಿ ಶುರು ಮಾಡಿ.