ಇಪ್ಪತ್ತೇಳು ಅಕ್ಷರಗಳು, ಎರಡು ಬಗೆಯ ಮೊಳೆಗಳು

ಶೇಕ್ಸ್‌ಪಿಯರನ ನಾಟಕಗಳನ್ನು ಬರೆದವನು ಅವನಲ್ಲ, ಅವನ ಕಾಲದ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಎಂಬ ವಾದವನ್ನು ನಾನು ಇಂಗ್ಲಿಷ್ ಪಾಠ ಹೇಳುತ್ತಿದ್ದ ಕಾಲದಲ್ಲಿ ಎರಡೇ ವಾಕ್ಯಗಳಲ್ಲಿ ತಳ್ಳಿಹಾಕಿಬಿಡುತ್ತಿದ್ದೆ. ನಿವೃತ್ತನಾದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಾಗ ಇದೇ ಮಾತು ಬಂತು. "ಮೇಷ್ಟ್ರೇ, ಆ ನಾಟಕಗಳಲ್ಲಿ ಬೇಕನ್ ಹುದುಗಿಸಿಟ್ಟ ಗುಪ್ತಲಿಪಿ ಇಲ್ಲವೆಂದು ನೀವೇ ಹುಡುಕಿ ನೋಡಿದ್ದೀರಾ?" ಎಂದು ಕೇಳಿದ. ನೋಡಿರಲಿಲ್ಲ. ಆ ಮಳೆಗಾಲವಿಡೀ ನಾವಿಬ್ಬರೂ ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಗ್ರಹವಾದ 1623ರ ಫಸ್ಟ್ ಫೋಲಿಯೋದ ಪುಟಗಳ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು, ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆವು.

ಮೊದಲು ಕೈಗೆತ್ತಿಕೊಂಡದ್ದು ಸುಲಭವಾದದ್ದನ್ನು. 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದ ಐದನೆಯ ಅಂಕದಲ್ಲಿ ವಿದೂಷಕನೊಬ್ಬ 'ಹೊನೊರಿಫಿಕಾಬಿಲಿಟುಡಿನಿಟಾಟಿಬುಸ್' ಎಂಬ 27 ಅಕ್ಷರಗಳ ಲ್ಯಾಟಿನ್ ಪದವನ್ನು ಉಚ್ಚರಿಸುತ್ತಾನೆ. 1910ರಲ್ಲಿ ಬೇಕನ್ ವಾದಿ ಎಡ್ವಿನ್ ಡರ್ನಿಂಗ್-ಲಾರೆನ್ಸ್ ಈ ಅಕ್ಷರಗಳನ್ನು ಅದಲುಬದಲು ಮಾಡಿ, 'ಹಿ ಲುಡಿ ಎಫ್. ಬಕೋನಿಸ್ ನಾಟಿ ಟುಯಿಟಿ ಓರ್ಬಿ' ಎಂದು ಓದಿದ, ಎಫ್. ಬೇಕನ್ನನ ಸಂತಾನವಾದ ಈ ನಾಟಕಗಳು ಲೋಕಕ್ಕಾಗಿ ಕಾಪಾಡಲ್ಪಟ್ಟಿವೆ ಎಂದು ಅದರ ಅರ್ಥ. ನಾನು ಹಳೆಯ ಲಗ್ನಪತ್ರಿಕೆಯೊಂದನ್ನು 27 ಚೂರು ಮಾಡಿ, ಒಂದೊಂದರ ಮೇಲೂ ಒಂದೊಂದು ಅಕ್ಷರ ಬರೆದು ಜೋಡಿಸಿದೆ. ಏಳು 'ಐ', ಮೂರು 'ಟಿ', ಎರಡೆರಡು 'ಎ', 'ಬಿ', 'ಎನ್', 'ಒ', 'ಯು', ಉಳಿದವು ಒಂದೊಂದು. ಒಂದು ಚೂರೂ ಮಿಗಲಿಲ್ಲ, ಒಂದೂ ಸಾಲದೆ ಹೋಗಲಿಲ್ಲ. ಆ ಕ್ಷಣದಲ್ಲಿ ನನಗೆ ಮೈ ಜುಮ್ಮೆಂದದ್ದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಅದೇ ಚೂರುಗಳಲ್ಲಿ ಇನ್ನೊಂದನ್ನು ಜೋಡಿಸಿದೆ. 'ಉಬಿ ಇಟಾಲಿಕುಸ್ ಇಬಿ ಡಾಂಟಿ ಹೊನೊರ್ ಫಿಟ್', ಅಂದರೆ ಇಟಲಿಯವನಿರುವಲ್ಲಿ ಡಾಂಟೆಗೆ ಗೌರವ. ಇದನ್ನು ಕಟ್ಟಿ ತೋರಿಸಿದವರು ಗುಪ್ತಲಿಪಿ ತಜ್ಞರಾದ ವಿಲಿಯಂ ಮತ್ತು ಎಲಿಜಬೆತ್ ಫ್ರೀಡ್‌ಮನ್ ದಂಪತಿ. ಇದರಲ್ಲೂ 27 ಅಕ್ಷರಗಳೇ, ಇಲ್ಲೂ ಏನೂ ಮಿಗುವುದಿಲ್ಲ. ಶೇಕ್ಸ್‌ಪಿಯರ್ ಹುಟ್ಟುವುದಕ್ಕೆ ಎರಡೂವರೆ ಶತಮಾನದ ಹಿಂದೆಯೇ ಡಾಂಟೆ ಈ ಉದ್ದದ ಪದವನ್ನು ತನ್ನ ಲ್ಯಾಟಿನ್ ಗ್ರಂಥದಲ್ಲಿ ಬಳಸಿದ್ದನೆಂಬುದನ್ನು ನೆನೆದರೆ, ಬೇಕನ್ನನಿಗಿಂತ ಅವನ ಹಕ್ಕೇ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುತ್ತದೆ. ಚೂರುಗಳನ್ನು ಲಕೋಟೆಗೆ ಹಾಕಿಟ್ಟೆ.

ನಿಜವಾಗಿ ತೂಕವಿದ್ದದ್ದು ಎರಡನೆಯ ಬಗೆಗೆ. ಬೇಕನ್ ತಾನೇ ಒಂದು ಗುಪ್ತಲಿಪಿಯನ್ನು ರೂಪಿಸಿ ಅದನ್ನು 1623ರ ತನ್ನ ಲ್ಯಾಟಿನ್ ಗ್ರಂಥದಲ್ಲಿ ವಿವರಿಸಿದ್ದಾನೆ. ಫೋಲಿಯೋ ಹೊರಬಂದದ್ದೂ ಅದೇ ವರ್ಷ. ಅವನ ಉಪಾಯ ಸರಳ. ಒಂದೇ ಅಕ್ಷರಕ್ಕೆ ತುಸು ಭಿನ್ನವಾದ ಎರಡು ಅಚ್ಚಿನ ಮೊಳೆಗಳಿರಬೇಕು. ಒಂದನ್ನು 'ಅ' ಬಗೆ, ಇನ್ನೊಂದನ್ನು 'ಬ' ಬಗೆ ಎನ್ನೋಣ. ಮುದ್ರಿತ ಪುಟದ ಐದೈದು ಅಕ್ಷರಗಳನ್ನು ಒಂದು ಗುಂಪು ಮಾಡಿದರೆ, ಪ್ರತಿ ಗುಂಪೂ ಗುಪ್ತ ಸಂದೇಶದ ಒಂದು ಅಕ್ಷರವಾಗುತ್ತದೆ: ಅಅಅಅಅ ಎಂದರೆ 'ಎ', ಅಅಅಅಬ ಎಂದರೆ 'ಬಿ', ಹೀಗೆ ಬಅಬಬಬ ಎಂಬ ಗುಂಪು 'ಝಡ್' ಆಗುವವರೆಗೆ 24 ಅಕ್ಷರಗಳು. 1899ರಲ್ಲಿ ಎಲಿಜಬೆತ್ ವೆಲ್ಸ್ ಗ್ಯಾಲಪ್ ಎಂಬಾಕೆ ಫೋಲಿಯೋದ ಓರೆ ಅಕ್ಷರಗಳಲ್ಲಿ ಈ ಎರಡು ಬಗೆಗಳನ್ನು ಗುರುತಿಸಿ, ಬೇಕನ್ ಎಲಿಜಬೆತ್ ರಾಣಿಯ ಮಗನೆಂಬ ಕಥೆಯನ್ನೇ ಹೊರತೆಗೆದಳು. ಫ್ರೀಡ್‌ಮನ್ ದಂಪತಿ ತಮ್ಮ ವೃತ್ತಿಯನ್ನು ಆರಂಭಿಸಿದ್ದೇ ಅಮೆರಿಕದ ಇಲಿನಾಯ್ ರಾಜ್ಯದ ರಿವರ್‌ಬ್ಯಾಂಕ್‌ನಲ್ಲಿ, ಈಕೆಯ ಕೆಲಸ ನಡೆಯುತ್ತಿದ್ದ ಜಾಗದಲ್ಲಿ. ಆಕೆ ಕಂಡದ್ದು ಅವರ ಕಣ್ಣಿಗೆ ಎಂದೂ ಕಾಣಲಿಲ್ಲ.

ನಾವು ಓರೆ ಅಕ್ಷರಗಳ ಒಂದು ಪುಟವನ್ನು ಆರಿಸಿಕೊಂಡು, ಎರಡು ಪ್ರತಿ ಮಾಡಿ, ಒಬ್ಬರದನ್ನು ಇನ್ನೊಬ್ಬರು ನೋಡದಂತೆ ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಗುರುತು ಹಾಕಿದೆವು. ದೊಡ್ಡಕ್ಷರಗಳಲ್ಲಿ ಭೇದ ಸ್ಪಷ್ಟವಿತ್ತು. ಬಾಲ ಸುತ್ತಿಕೊಂಡ ಒಂದು, ನೆಟ್ಟಗಿನ ಇನ್ನೊಂದು. ಆದರೆ ಪುಟದ ತುಂಬ ಇರುವುದು ಸಣ್ಣಕ್ಷರಗಳು. ಒಂದು 'ಎನ್' ಅಕ್ಷರದ ಮುಂದೆ ನಾನು ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ಕುಳಿತಿದ್ದೆ: ಅದರ ಕಾಲಿನ ತುದಿ ದಪ್ಪಗಿದ್ದದ್ದು ಮೊಳೆಯ ಆಕಾರದಿಂದಲೋ, ಮಸಿ ಹರಡಿದ್ದರಿಂದಲೋ? ಸಂಜೆ ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ನಮ್ಮ ಗುರುತುಗಳು ಸಾಲು ಸಾಲಿಗೂ ಬೇರೆಯಾಗಿದ್ದವು. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ವಾರದ ನಂತರ ನಾನೇ ಮತ್ತೆ ಗುರುತಿಸಿದಾಗ ನನ್ನದೂ ನನ್ನದಕ್ಕೆ ಹೊಂದಲಿಲ್ಲ. ಹತ್ತಕ್ಕೆ ಒಂದೇ ಅಕ್ಷರ ತಪ್ಪಿದರೂ ಐದೂ ಸರಿಯಿರುವ ಗುಂಪುಗಳು ನೂರಕ್ಕೆ 59 ಮಾತ್ರ. ಉಳಿದವುಗಳನ್ನು ಓದುಗ ತನ್ನ ಊಹೆಯಿಂದಲೇ ತುಂಬಿಕೊಳ್ಳಬೇಕು.

ಇನ್ನೊಂದು ಪರೀಕ್ಷೆ ಆ ಗುಪ್ತಲಿಪಿಯ ಹೊಟ್ಟೆಯಲ್ಲೇ ಇದೆ. 'ಅ', 'ಬ'ಗಳಿಂದ 32 ಗುಂಪುಗಳನ್ನು ಮಾಡಬಹುದು, ಬೇಕನ್ ಬಳಸಿದ್ದು 24ನ್ನು. ಮಿಕ್ಕ ಎಂಟೂ 'ಬಬ' ಎಂದೇ ಆರಂಭವಾಗುತ್ತವೆ. ಆದ್ದರಿಂದ ಸಂದೇಶ ನಿಜವಾಗಿ ಇದ್ದು ನಾವು ಓದುವುದೂ ಸರಿಯಿದ್ದರೆ, 'ಬಬ' ಎಂದು ಶುರುವಾಗುವ ಗುಂಪು ಒಂದೂ ಸಿಗಕೂಡದು. ನನ್ನ ಹಾಳೆಯಲ್ಲಿ ಎರಡನೆಯ ಸಾಲಿಗೇ ಸಿಕ್ಕಿತು. ಶಿಷ್ಯನ ಹಾಳೆಯಲ್ಲಿ ಮೊದಲನೆಯ ಸಾಲಿಗೇ.

ನಾನು ಸುಮ್ಮನಾಗಬೇಕಾಗಿ ಬಂದದ್ದು ಲೆಕ್ಕಕ್ಕಿಂತ ಹೆಚ್ಚಾಗಿ ಹಳೆಯ ನೆನಪಿನಿಂದ. ಅಪ್ಪನ ಅಚ್ಚುಕೂಟದಲ್ಲಿ ಕಾಲೇಜು ದಿನಗಳ ರಜೆಯಲ್ಲೆಲ್ಲ ನಾನು ಮೊಳೆ ಜೋಡಿಸಿದವನು. ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಅದರದರ ಖಾನೆಗೆ ವಾಪಸು ಹಾಕಬೇಕು. ಸಂಜೆಯ ಆಯಾಸದಲ್ಲಿ ಹಳೆಯ ಫಾಂಟಿನ 'ಕ' ಹೊಸ ಫಾಂಟಿನ ಖಾನೆಗೆ ಬೀಳುತ್ತಿತ್ತು, ಮರುದಿನ ಪ್ರೂಫಿನಲ್ಲಿ ಅದನ್ನು ಕಂಡು ಅಪ್ಪ ಬೈಯುತ್ತಿದ್ದರು. ಸವೆದ ಮೊಳೆ, ಮೂಲೆ ಮುರಿದ ಮೊಳೆ ಎಲ್ಲವೂ ತಿರುಗಿ ತಿರುಗಿ ಕೆಲಸಕ್ಕೆ ಬರುತ್ತಿದ್ದವು. ಫೋಲಿಯೋ ಅಚ್ಚಾದ ಲಂಡನ್ನಿನ ಜಾಗರ್ಡ್ ಅಚ್ಚುಕೂಟದಲ್ಲೂ ಇದೇ ಸ್ಥಿತಿ. ಚಾರ್ಲ್ಟನ್ ಹಿನ್‌ಮನ್ ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದಲ್ಲಿರುವ ಫೋಲಿಯೋ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಪೆಟ್ಟುಬಿದ್ದ ಮೊಳೆಗಳು ಯಾವ ಯಾವ ಪುಟಗಳಲ್ಲಿ ಮರಳಿ ಕಾಣಿಸಿಕೊಳ್ಳುತ್ತವೆಂಬುದನ್ನು ಹಿಡಿದೇ ಆ ಪುಸ್ತಕ ಅಚ್ಚಾದ ಬಗೆಯನ್ನು ತೋರಿಸಿಕೊಟ್ಟಿತು. ಅಚ್ಚು ನಡೆಯುತ್ತಿರುವಾಗಲೇ ತಿದ್ದುಪಡಿ ಮಾಡುತ್ತಿದ್ದರು, ತಪ್ಪಿರುವ ಹಾಳೆಗಳನ್ನು ಎಸೆಯುತ್ತಿರಲಿಲ್ಲ. ಹೀಗಾಗಿ ಪ್ರತಿಯಿಂದ ಪ್ರತಿಗೆ ಅಕ್ಷರಗಳು ಬದಲಾಗುತ್ತವೆ. ಹಾಗಿದ್ದರೆ ಗುಪ್ತ ಸಂದೇಶವಿರುವುದು ಯಾವ ಪ್ರತಿಯಲ್ಲಿ? ಕಣ್ಣಿಗೆ ಭೇದವೇ ಕಾಣದ ಎರಡು ಬಗೆಯ ಮೊಳೆಗಳನ್ನು ಒಂಬೈನೂರಕ್ಕೂ ಹೆಚ್ಚು ಪುಟಗಳುದ್ದಕ್ಕೂ ಬೇರೆ ಬೇರೆ ಖಾನೆಗಳಲ್ಲಿ ಕಾಪಾಡಬಲ್ಲ ಕಂಪೋಸಿಟರನನ್ನು ನಾನಂತೂ ಕಂಡಿಲ್ಲ.

ಪದಗಳನ್ನು ಎಣಿಸಿ ಸಂದೇಶ ತೆಗೆಯುವ ಬಗೆಗೆ ನಾವು ಒಂದೇ ಸಂಜೆ ಕೊಟ್ಟೆವು. ಅದನ್ನು 1888ರಲ್ಲಿ ಬೃಹತ್ ಗ್ರಂಥವಾಗಿ ಬೆಳೆಸಿದ ಇಗ್ನೇಷಿಯಸ್ ಡಾನೆಲಿಗೆ ಅದೇ ವರ್ಷ ಇಂಗ್ಲೆಂಡಿನ ನಿಕಲ್ಸನ್ ಎಂಬ ಪಾದ್ರಿ ಉತ್ತರ ಕೊಟ್ಟ: ಡಾನೆಲಿಯ ಸಂಖ್ಯೆಗಳನ್ನೇ ಬಳಸಿ, ನಾಟಕ ಬರೆದವನು ಶೇಕ್ಸ್‌ಪಿಯರನೇ ಎಂಬ ಸಂದೇಶವನ್ನು ಹೊರತೆಗೆದು ತೋರಿಸಿದ.

ನಾಟಕದಲ್ಲಿ ಪದಗಳನ್ನು ಅಡಗಿಸಿಡುವುದೇ ಸುಳ್ಳೆಂದು ನಾನು ಹೇಳುತ್ತಿಲ್ಲ. 'ಸ್ವಪ್ನವಾಸವದತ್ತ'ದ ಮೊದಲ ಶ್ಲೋಕವನ್ನು ನೋಡಿ: "ಉದಯನವೇಂದುಸವರ್ಣಾವಾಸವದತ್ತಾಬಲೌ ಬಲಸ್ಯ ತ್ವಾಮ್, ಪದ್ಮಾವತೀರ್ಣಪೂರ್ಣೌ ವಸಂತಕಮ್ರೌ ಭುಜೌ ಪಾತಾಮ್." ಬಲರಾಮನ ತೋಳುಗಳ ವರ್ಣನೆಯೊಳಗೆ ಉದಯನ, ವಾಸವದತ್ತಾ, ಪದ್ಮಾವತೀ, ವಸಂತಕ ಎಂಬ ನಾಲ್ಕು ಪಾತ್ರಗಳ ಹೆಸರುಗಳಿವೆ. ಅಕ್ಷರಗಳನ್ನು ಕದಲಿಸಬೇಕಾಗಿಲ್ಲ, ಯಾವುದನ್ನೂ ಬಿಡಬೇಕಾಗಿಲ್ಲ, ಯಾರು ಓದಿದರೂ ಅದೇ ನಾಲ್ಕು ಹೆಸರುಗಳು ಸಿಗುತ್ತವೆ. ಆಲಂಕಾರಿಕರು ಇದನ್ನು ಮುದ್ರಾಲಂಕಾರ ಎನ್ನುತ್ತಾರೆ. ಇಷ್ಟಾಗಿಯೂ, ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು 1912ರಿಂದ ಪ್ರಕಟಿಸಿದ, ಇದೂ ಸೇರಿದ ಹದಿಮೂರು ನಾಟಕಗಳು ಭಾಸನವೇ ಎಂಬ ಜಗಳವನ್ನು ಈ ಶ್ಲೋಕ ಬಗೆಹರಿಸಲಿಲ್ಲ.

ಕೊನೆಗೆ ಶಿಷ್ಯ ಕೇಳಿದ, "ಹಾಗಾದರೆ ಕರ್ತೃವನ್ನು ಹುಡುಕುವುದು ಹೇಗೆ ಮೇಷ್ಟ್ರೇ?" ನಾನು 'ಹೆನ್ರಿ ದಿ ಎಯ್ತ್' ನಾಟಕವನ್ನು ಕೈಗಿತ್ತೆ. ಅದು ಶೇಕ್ಸ್‌ಪಿಯರನೊಬ್ಬನದೇ ಅಲ್ಲ, ಅದರಲ್ಲಿ ಅವನ ಕಾಲದ ನಾಟಕಕಾರ ಜಾನ್ ಫ್ಲೆಚರನ ಪಾಲೂ ಇದೆಯೆಂದು 1850ರಲ್ಲಿ ವಾದಿಸಿದವನು ಜೇಮ್ಸ್ ಸ್ಪೆಡಿಂಗ್. ಹತ್ತು ಉಚ್ಚಾರಾಂಶಗಳ ಸಾಲಿನ ಕೊನೆಯಲ್ಲಿ ಹನ್ನೊಂದನೆಯ, ಒತ್ತಿಲ್ಲದ ಉಚ್ಚಾರಾಂಶ ಎಲ್ಲೆಲ್ಲಿ ಹೆಚ್ಚು ಬರುತ್ತದೋ ಅಲ್ಲಿ ಫ್ಲೆಚರನ ಕೈ ಇದೆ ಎಂಬುದು ಸ್ಪೆಡಿಂಗನ ಮುಖ್ಯ ಆಧಾರಗಳಲ್ಲೊಂದು. ಬೇಕನ್ನನ ಕೃತಿಗಳನ್ನೆಲ್ಲ ಸಂಪಾದಿಸಿದವನೂ ಇವನೇ, ಬೇಕನ್ ಈ ನಾಟಕಗಳನ್ನು ಬರೆದನೆಂಬುದನ್ನು ಒಪ್ಪದವನೂ ಇವನೇ. ಮೂರನೆಯ ಅಂಕದಲ್ಲಿ ವುಲ್ಸಿ ತನ್ನ ವೈಭವಕ್ಕೆ ವಿದಾಯ ಹೇಳುವ ಭಾಗವನ್ನು ನಾನು ಗಟ್ಟಿಯಾಗಿ ಓದಿದೆ, ಶಿಷ್ಯ ಮೇಜಿನ ಮೇಲೆ ಬೆರಳು ಕುಟ್ಟುತ್ತ ಎಣಿಸಿದ. ಮೊದಲ ಸಾಲಿಗೇ ಬೆರಳು ಹನ್ನೊಂದಕ್ಕೆ ನಿಂತಿತು. ಇನ್ನೊಮ್ಮೆ ಓದಿಸಿದ, ಮತ್ತೆ ಹನ್ನೊಂದು.