32 ಅಡಿಯಲ್ಲಿ ಒಂದು ದೊಡ್ಡ ಆಫೀಸು

ನನ್ನ ಕಿರುಚಿತ್ರಕ್ಕೆ ಬೇಕಾಗಿದ್ದು ಕೊನೆಯೇ ಕಾಣದಂಥ ಆಫೀಸು. ಸಿಕ್ಕಿದ್ದು ಆಷಾಢವೆಂದು ಅಗ್ಗಕ್ಕೆ ಬಂದ ಕಲ್ಯಾಣ ಮಂಟಪದ ಊಟದ ಹಾಲ್. ಉದ್ದ 32 ಅಡಿ.

ಆಗ ನೆನಪಾದದ್ದು ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್. ಅವನ 1960ರ ಚಿತ್ರ ‘ದಿ ಅಪಾರ್ಟ್‌ಮೆಂಟ್’ನಲ್ಲಿ ನಾಯಕ ನಟ ಜ್ಯಾಕ್ ಲೆಮನ್ ಕೆಲಸ ಮಾಡುವ ವಿಮಾ ಕಂಪನಿಯಲ್ಲಿ 31,259 ನೌಕರರು. ಮೇಜಿನ ಹಿಂದೆ ಮೇಜು, ದೀಪದ ಹಿಂದೆ ದೀಪ, ಕಣ್ಣು ಸೋಲುವವರೆಗೆ. ಎಲ್ಲ ಸ್ಟುಡಿಯೊ ಸೆಟ್. ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್ ಹಿಂದೆ ಹಿಂದೆ ಹೋದಂತೆ ಮೇಜುಗಳನ್ನೇ ಚಿಕ್ಕದು ಮಾಡಿ, ಕುಳ್ಳಗಿನವರನ್ನೂ ಮಕ್ಕಳನ್ನೂ ಕೂರಿಸಿದ್ದರು. ಆ ಕೆಲಸಕ್ಕೆ ಆಸ್ಕರ್ ಬಂತು. ವೈಲ್ಡರ್‌ಗೆ ಅದೇ ರಾತ್ರಿ ಮೂರು: ನಿರ್ಮಾಣ, ನಿರ್ದೇಶನ, ಚಿತ್ರಕಥೆ.

ನಾನು ಮೂಲತಃ ಬರೆಯುವವನು. ವೈಲ್ಡರ್ ಮೇಲೆ ಪ್ರೀತಿ ಹುಟ್ಟಿದ್ದು ಅದೇ ಕಾರಣಕ್ಕೆ. 1906ರಲ್ಲಿ ಇಂದಿನ ಪೋಲೆಂಡಿಗೆ ಸೇರಿದ ಊರಲ್ಲಿ ಹುಟ್ಟಿ, ವಿಯೆನ್ನಾ, ಬರ್ಲಿನ್‌ಗಳಲ್ಲಿ ವರದಿಗಾರನಾಗಿದ್ದ ಯಹೂದಿ ಹುಡುಗ. 1933ರಲ್ಲಿ ಹಿಟ್ಲರ್ ಬಂದ ಕೂಡಲೇ ಪ್ಯಾರಿಸ್‌ಗೆ, ಮರುವರ್ಷ ಹಾಲಿವುಡ್‌ಗೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ಅಂಥವನು ಐದಾರು ವರ್ಷದಲ್ಲಿ ಅಲ್ಲಿನ ಹೆಸರಾಂತ ಸಂಭಾಷಣೆಕಾರನಾದ! ಒಮ್ಮೆ ನಾಯಕ ಜಿರಲೆಯ ಜೊತೆ ಮಾತಾಡುವ ದೃಶ್ಯ ಬರೆದುಕೊಟ್ಟರೆ, ನಟ ಚಾರ್ಲ್ಸ್ ಬೋಯರ್ ಜಿರಲೆಗೆ ನಾನ್ಯಾಕೆ ಮಾತಾಡಲಿ ಎಂದನಂತೆ, ದೃಶ್ಯ ಬಿದ್ದುಹೋಯಿತು. ಬರೆದದ್ದನ್ನು ಕಾಯಬೇಕಾದರೆ ತಾನೇ ನಿರ್ದೇಶಿಸಬೇಕೆಂದು ಹಟ ಹಿಡಿದು, 1942ರಲ್ಲಿ ಹಾಲಿವುಡ್‌ನಲ್ಲಿ ನಿರ್ದೇಶಕನಾದ. ನನ್ನ ಮೊದಲ ಚಿತ್ರಕಥೆಯನ್ನೂ ಒಬ್ಬರು ಗುರುತು ಸಿಗದ ಹಾಗೆ ಮಾಡಿದ್ದರು. ಜಿರಲೆ ಮಾತ್ರ ಇರಲಿಲ್ಲ.

ಮೊದಲ ದಿನ ಸುಮ್ಮನೆ ಮುಂದೆ ದೊಡ್ಡ ಮೇಜು, ಹಿಂದೆ ಚಿಕ್ಕ ಮೇಜು ಇಟ್ಟೆ. ಮಾನಿಟರಿನಲ್ಲಿ ಕಂಡದ್ದು ಶಿಶುವಿಹಾರ. ಮೇಜು ಚಿಕ್ಕದಾಗಿತ್ತು, ದೂರ ಹೋಗಿರಲಿಲ್ಲ. ರಾತ್ರಿಯೆಲ್ಲ ಕಾಗದದ ಮೇಲೆ ಗೆರೆ ಎಳೆದಾಗ ತಪ್ಪು ತಿಳಿಯಿತು: ನೆಲ ಸಪಾಟಾಗಿದೆ. ನಿಜವಾಗಿ ದೂರವಿರುವ ನೆಲ ಚೌಕಟ್ಟಿನಲ್ಲಿ ಮೇಲಕ್ಕೇರಿ ದಿಗಂತದ ಹತ್ತಿರ ಬರುತ್ತದೆ. ನನ್ನ ನೆಲವೂ ಏರಬೇಕು.

ಕ್ಯಾಮೆರಾ ನಾಲ್ಕು ಅಡಿ ಎತ್ತರದಲ್ಲಿತ್ತು, ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ. ಅದೇ ಎತ್ತರಕ್ಕೆ ಗೋಡೆಯಿಂದ ಗೋಡೆಗೆ ದಾರ ಕಟ್ಟಿದೆ. ಎಲ್ಲ ಸಾಲಿನವರ ಕಣ್ಣೂ ಆ ದಾರದ ಮಟ್ಟಕ್ಕೇ ಬರಬೇಕು, ಅಷ್ಟೇ ಲೆಕ್ಕ. ಆರನೇ ಸಾಲು ಅರ್ಧ ಅಳತೆಯದು: ಮೇಜು 30 ಇಂಚಿನ ಬದಲು 15, ಅದರಡಿ ಎರಡು ಅಡಿಯ ಅಟ್ಟಣೆ. ನಡುವಿನ ಸಾಲುಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಪ್ಲೈವುಡ್. ಸಾಲುಗಳ ನಡುವಿನ ಅಂತರವನ್ನೂ ಕುಗ್ಗಿಸುತ್ತ ಹೋದೆ. ಮೇಲೆ ಮುಂದುಗಡೆ ನಾಲ್ಕಡಿ ಟ್ಯೂಬ್‌ಲೈಟು, ಹಿಂದೆ ಎರಡಡಿಯದು, ತುಸು ಇಳಿಬಿಟ್ಟು. ಅಂಗಡಿಯಲ್ಲಿ ಎರಡೂ ಅಳತೆ ಸಿಗುವುದು ನನ್ನ ಪುಣ್ಯ.

24 ಎಂಎಂ ಲೆನ್ಸ್, ಎಫ್ 11, ಅಂದರೆ ಬೆಳಕು ಒಳಬರುವ ಕಿಂಡಿ ಕಿರಿದು. ಮುಂದಿನಿಂದ ಹಿಂದಿನವರೆಗೆ ಫೋಕಸ್ ನಿಲ್ಲಬೇಕಲ್ಲ, ಬೆಳಕು ಸುರಿಯಬೇಕಾಯಿತು. ಕ್ಯಾಮೆರಾ ಅಲುಗಿಸುವಂತಿಲ್ಲ, ಅರ್ಧ ಅಡಿ ಸರಿದರೂ ಗುಟ್ಟು ರಟ್ಟು. ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ಮಾಡಿದ್ದಕ್ಕೆ ಕಲೆಯ ಕಾರಣ ಕೇಳಿದವರಿಗೆಲ್ಲ ಏನೇನೋ ಹೇಳಿದ್ದೇನೆ. ನಿಜ ಕಾರಣ, ನಾಲ್ಕು ಬಣ್ಣದ ಪ್ಲೈವುಡ್.

ಹಿಂದಿನ ಸಾಲಿಗೆ ಬೀದಿಯ ಮಕ್ಕಳು, ಮಣೆಯ ಮೇಲೆ, ಬಿಳಿ ಅಂಗಿಯಲ್ಲಿ, ಬೆನ್ನು ಕ್ಯಾಮೆರಾಕ್ಕೆ. ಮೈಗೆ ಹೋಲಿಸಿದರೆ ಮಕ್ಕಳ ತಲೆ ದೊಡ್ಡದು, ಹಾಗಾಗಿ ಮೇಲಧಿಕಾರಿಗಳ ಗತ್ತೇ ಬಂತು. ಐದು ಟೇಕ್ ಒಬ್ಬನಲ್ಲದಿದ್ದರೆ ಒಬ್ಬ ತಿರುಗಿ ನೋಡಿ ಹಾಳಾದವು. ಆರನೆಯದು ಸರಿಹೋಯಿತು ಅಂದುಕೊಂಡೆ.

ಎಡಿಟಿಂಗ್‌ನಲ್ಲಿ ಕಂಡಿತು: ಕೊನೆಯ ಮೇಜಿನ ಮೇಲೆ ಯಾರೋ ಮಕ್ಕಳಿಗೆಂದು ತಂದಿಟ್ಟ ಸ್ಟೀಲ್ ಲೋಟ. ಪೂರ್ತಿ ಅಳತೆಯದು. ದೂರದ ಆ ಗುಮಾಸ್ತನ ಪಕ್ಕದಲ್ಲಿ ಕೊಳಗದಷ್ಟು ದೊಡ್ಡದಾಗಿ ಹೊಳೆಯುತ್ತಿದೆ. ಹಾಲ್ ಬಿಟ್ಟುಕೊಟ್ಟಾಗಿತ್ತು, ಶ್ರಾವಣ ಬಂದಿತ್ತು. ಲೋಟ ಚಿತ್ರದಲ್ಲಿ ಇನ್ನೂ ಇದೆ.