ಮಂಡಿನೋವಿಗೆ ಹಾರ್ಮೋನ್ ರಿಪೋರ್ಟ್: ಎಲ್ಲಿಂದ ಓದಬೇಕು?

ಮಂಡಿ ಹಿಡ್ಕೊಂಡಿದೆ ಅಂತ ನಮ್ಮತ್ತೆ ಹೋಗಿ ರಕ್ತ ಕೊಟ್ಟು ಬಂದರು. ಸಂಜೆಗೆ 11 ಪುಟದ ರಿಪೋರ್ಟ್ ಬಂತು. ಥೈರಾಯ್ಡ್, ವಿಟಮಿನ್ ಡಿ, ಇನ್ನೂ ಏನೇನೋ. "ಮಂಡಿ ಎಷ್ಟು ಸವೆದಿದೆ ಅಂತ ಇದರಲ್ಲಿ ಎಲ್ಲಿದೆ?" ಅಂತ ಕೇಳಿದರು. ಎಲ್ಲೂ ಇರಲಿಲ್ಲ.

ಸವೆತದ ಅಳತೆ ರಕ್ತದಲ್ಲಿ ಸಿಗುವುದಿಲ್ಲ. ಹಾಗಾಗಿ ಮೊದಲು ಎಕ್ಸ್‌ರೇ, ಅದೂ ನಿಂತುಕೊಂಡೇ. ಮಲಗಿ ತೆಗೆಸಿದರೆ ಮಂಡಿಯ ಮೇಲೆ ಭಾರ ಬೀಳದೆ, ಮೂಳೆಗಳ ನಡುವಿನ ಸಂದು ಚೆನ್ನಾಗಿಯೇ ಇರುವಂತೆ ಕಾಣಬಹುದು. ವರದಿಯಲ್ಲಿ 'ಕೆಎಲ್ ಗ್ರೇಡ್' ಇದೆಯಾ ಹುಡುಕಿ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಕೊಟ್ಟ ಲೆಕ್ಕ ಅದು. 0 ಅಂದರೆ ಸವೆತ ಕಾಣುತ್ತಿಲ್ಲ. 2ರಲ್ಲಿ ಮೂಳೆಯ ಅಂಚಿಗೆ ಮುಳ್ಳು ಎದ್ದಿರುತ್ತದೆ. 4ರಲ್ಲಿ ಸಂದು ತೀರಾ ಕಿರಿದಾಗಿರುತ್ತದೆ. ಗ್ರೇಡ್ 2ರವರು ನರಳುವುದೂ ಉಂಟು, 4ರವರು ಸಂತೆಗೆ ನಡೆದು ಹೋಗುವುದೂ ಉಂಟು.

ಈಗ ರಕ್ತದ ರಿಪೋರ್ಟ್ ತೆರೆಯಿರಿ. ಮೊದಲು ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್. ಸುಮಾರು 0.4ರಿಂದ 4ರೊಳಗೆ ಇದ್ದರೆ ಸಾಮಾನ್ಯವಾಗಿ ಸರಿ. ಜಾಸ್ತಿ ಇದ್ದರೆ ಥೈರಾಯ್ಡ್ ಮಂದವಾಗಿರಬಹುದು. ಅದೊಂದರಿಂದಲೇ ಕೀಲು ಬಿಗಿದು ಮೈಕೈ ನೋಯಬಹುದು. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತೀರಾ? ಡಾಕ್ಟರನ್ನು ಕೇಳಿ, ಪರೀಕ್ಷೆಗೆ ಎರಡು ದಿನ ಮುಂಚೆಯೇ ನಿಲ್ಲಿಸಿ. ಥೈರಾಯ್ಡ್ ಅಂಕಿಗಳನ್ನೇ ಅದು ಏರುಪೇರು ಮಾಡಬಲ್ಲದು. ನಮ್ಮತ್ತೆ ನುಂಗುತ್ತಿದ್ದರು, ರಕ್ತ ತೆಗೆಯುವಾಗ ಯಾರೂ ಕೇಳಲೇ ಇಲ್ಲ.

ಆಮೇಲೆ ವಿಟಮಿನ್ ಡಿ. ಹೆಸರಿಗೆ ವಿಟಮಿನ್, ಒಳಗೆ ಮಾಡುವುದು ಹಾರ್ಮೋನಿನ ಕೆಲಸ. ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ. ಮೂಳೆಗೋಸ್ಕರ ಸರಿಮಾಡಿಕೊಳ್ಳಿ. ಆದರೆ ಸವೆದ ಕಾರ್ಟಿಲೇಜ್ (ಮೂಳೆ ತುದಿಯ ಮೆತ್ತೆ) ಮತ್ತೆ ಬೆಳೆಯುತ್ತೆ ಅಂತ ಕಾಯಬೇಡಿ. ಅಮೆರಿಕದಲ್ಲಿ ಎರಡು ವರ್ಷ ಮಾತ್ರೆ ಕೊಟ್ಟು ನೋಡಿದ್ದರು, 2013ರಲ್ಲಿ ಫಲಿತಾಂಶ ಬಂತು. ನೋವೂ ತಗ್ಗಲಿಲ್ಲ, ಸವೆತವೂ ನಿಲ್ಲಲಿಲ್ಲ.

ಲೆಪ್ಟಿನ್ ಕತೆ ಮಾತ್ರ ಸ್ವಾರಸ್ಯದ್ದು. ದಪ್ಪ ಇರುವವರಿಗೆ ಮಂಡಿ ಸವೆಯುವುದು ಭಾರಕ್ಕೆ, ಸರಿ. ಬೆರಳಿನ ಗಂಟು ಯಾಕೆ ಸವೆಯಬೇಕು? ಯಾರೂ ಕೈಮೇಲೆ ನಡೆಯುವುದಿಲ್ಲ, ಅಲ್ವಾ? ಅದಕ್ಕೇ ಕೊಬ್ಬಿನಿಂದ ಹೊರಟು ರಕ್ತದಲ್ಲಿ ಓಡಾಡುವ ಈ ಹಾರ್ಮೋನಿನ ಮೇಲೆ ಅನುಮಾನ. ಕೀಲಿನೊಳಗಿನ ನೀರಿನಲ್ಲೂ ಇದು ಸಿಕ್ಕಿದೆ. ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನಿನ ಮೇಲೂ ಕಣ್ಣಿದೆ, ಮುಟ್ಟು ನಿಂತ ಮೇಲೆ ಅದು ಇಳಿಯುತ್ತದೆ, ಆಗಲೇ ಹೆಂಗಸರಲ್ಲಿ ಮಂಡಿ ಸವೆತ ಜಾಸ್ತಿ. ಆದರೂ ಮಂಡಿಗೋಸ್ಕರ ಇವೆರಡನ್ನೂ ಪರೀಕ್ಷೆ ಮಾಡಿಸಿ ಸುಮ್ನೆ ದುಡ್ಡು ಕಳೆಯಬೇಡಿ. ಅಂಕಿ ಎಷ್ಟೇ ಬರಲಿ, ಚಿಕಿತ್ಸೆ ಬದಲಾಗಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿಯೂ ಇರಲಿ: ಬೆಳಗ್ಗೆ ಎದ್ದಾಗ ಬಿಗಿತ ಎಷ್ಟು ನಿಮಿಷ? ಅರ್ಧ ಗಂಟೆಯೊಳಗೆ ಬಿಟ್ಟರೆ ಸವೆತದ ಲಕ್ಷಣ. ಗಂಟೆ ದಾಟಿದರೆ ರುಮಟಾಯ್ಡ್ (ಕೀಲುಗಳು ಊದಿಕೊಳ್ಳುವ ಸಂಧಿವಾತ) ಇದೆಯಾ ಅಂತ ಬೇರೆ ಪರೀಕ್ಷೆ ಬೇಕಾಗಬಹುದು. ನಮ್ಮತ್ತೆ ಬರೆದುಕೊಂಡು ಹೋದದ್ದು: "ಡಿಕಾಕ್ಷನ್ ಇಳಿಯೋವಷ್ಟು ಹೊತ್ತು."